ಮಲೆನಾಡಿನ ಮನೆಗೆ ಗಾಢ ಬಣ್ಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಾಸನ, ಚಿಕ್ಕಮಗಳೂರು ಕಡೆಯ ಹಳ್ಳಿಮನೆ, ತೋಟದ ಮನೆಗಳವು. ಚಿತ್ರ ಬರೆಯುವವರು, ನೇಯುವವರು, ವೇಷ ಕಟ್ಟುವವರು ಇರುವ ಮನೆಗಳು. ಯಾರಿಗೂ ಬಿಳಿ ಗೋಡೆ ಬೇಡ. ‘ಈ ಮಳೆಗೆ ಗಾಢ ಬಣ್ಣ ನಿಲ್ಲಲ್ಲ’ ಎಂದು ಪೇಂಟರ್ ಹೆದರಿಸಿದ್ದಾರೆ ಎಂಬುದು ಹಲವರ ದೂರು. ಬಣ್ಣ ಗಾಢವಾಗಿದೆಯೆಂದು ಯಾವ ಗೋಡೆಯೂ ಉದುರುವುದಿಲ್ಲ. ಉದುರುವುದು ತೇವದಿಂದ.

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಅಜ್ಜನ ಕಾಲದ ಹೆಂಚಿನ ಮನೆ. ಮಣ್ಣಿನ ಗೋಡೆ, ಮೇಲೆ ಗಾರೆ. ಮನೆಯವರು ಚಿತ್ರ ಬರೆಯುತ್ತಾರೆ, ಮಗಳು ಮಗ್ಗದ ಕೆಲಸ ಕಲಿತಿದ್ದಾಳೆ, ಮಗನಿಗೆ ಯಕ್ಷಗಾನದ ಹುಚ್ಚು. ಪಡಸಾಲೆಗೆ ಅರಿಶಿನ ಹಳದಿ, ಊಟದ ಕೋಣೆಗೆ ಗಿಳಿಹಸಿರು, ನಡುಮನೆಗೆ ಕುಂಕುಮದ ಕೆಂಪು ಎಂದು ಎಲ್ಲರ ಆಸೆ. ಎರಡು ವರ್ಷದ ಹಿಂದೆ ಹೊಡೆಸಿದ ಎಮಲ್ಶನ್ ಎರಡನೇ ಮಳೆಗಾಲಕ್ಕೇ ನೆಲದಿಂದ ಮೂರಡಿವರೆಗೆ ಗುಳ್ಳೆ ಎದ್ದು ಹಪ್ಪಳದ ಹಾಗೆ ಕಳಚಿತು. ಈಗೇನು ಮಾಡುವುದು?

ಉತ್ತರ: ಹಳೆಯ ಮನೆಗಳ ಅಡಿಪಾಯದಲ್ಲಿ ತೇವ ತಡೆಯುವ ಪದರ ಇರುವುದಿಲ್ಲ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಮಣ್ಣಿನ ಗೋಡೆ ನೆಲದ ನೀರನ್ನು ಮೇಲಕ್ಕೆ ಹೀರುತ್ತದೆ. ಗಾರೆ, ಸುಣ್ಣದ ಮೈಯಾದರೆ ಆ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಎಮಲ್ಶನ್ ಎಂದರೆ ತೆಳ್ಳನೆಯ ಪ್ಲಾಸ್ಟಿಕ್ ಹೊದಿಕೆ. ನೀರು ಅದರ ಹಿಂದೆ ಸಿಕ್ಕಿಬೀಳುತ್ತದೆ, ನೀರಿನೊಂದಿಗೆ ಬಂದ ಉಪ್ಪು ಅಲ್ಲೇ ಹರಳುಗಟ್ಟಿ ಬಣ್ಣವನ್ನು ಒಳಗಿನಿಂದ ತಳ್ಳುತ್ತದೆ. ನೀವು ಕಂಡ ಗುಳ್ಳೆ ಅದೇ. ಇದಕ್ಕೆ ಮೇಲಿನಿಂದ ‘ವಾಟರ್‌ಪ್ರೂಫ್’ ಹೊಡೆದರೆ ತೇವ ಮೂರಡಿಯಿಂದ ಐದಡಿಗೆ ಏರುತ್ತದೆ, ಅಷ್ಟೆ. ಕೆಳಗಿನ ಭಾಗಕ್ಕೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದರೂ ಅದೇ ಕಥೆ.

ಮೊದಲ ಕೆಲಸ ಮನೆಯ ಹೊರಗಿದೆ. ಸೂರಿನ ನೀರು ಎಲ್ಲಿ ಬೀಳುತ್ತದೆ ನೋಡಿ. ಗಟ್ಟಿ ನೆಲಕ್ಕೆ ಬಿದ್ದರೆ ಗೋಡೆಗೆ ಒಂದೂವರೆ, ಎರಡು ಅಡಿ ಎತ್ತರಕ್ಕೆ ಎರಚುತ್ತದೆ. ಅಲ್ಲಿ ಒಂದೂವರೆ ಅಡಿ ಅಗಲಕ್ಕೆ ದಪ್ಪ ಜಲ್ಲಿ ಹಾಕಿ, ನೀರು ಗೋಡೆಯಿಂದ ಆಚೆ ಹರಿಯುವಂತೆ ಇಳಿಜಾರು ಮಾಡಿ. ಗೋಡೆಗೆ ಆತುಕೊಂಡ ಹೂವಿನ ಪಾತಿ, ವರ್ಷವರ್ಷ ಏರಿದ ಅಂಗಳದ ಮಣ್ಣು, ಒಟ್ಟಿದ ಸೌದೆ ಇವನ್ನೆಲ್ಲ ತೆಗೆಯಿರಿ. ಒಳಗಿನ ನೆಲಕ್ಕಿಂತ ಹೊರಗಿನ ಮಣ್ಣು ಅರ್ಧ ಅಡಿಯಾದರೂ ಕೆಳಗಿರಬೇಕು.

ತೇವ ಗೋಡೆಯೊಳಗಿನದೋ, ಕೋಣೆಯ ಗಾಳಿಯದೋ ಎಂದು ತಿಳಿಯಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, 24 ಗಂಟೆ ಬಿಡಿ. ಹನಿ ಗೋಡೆಯ ಕಡೆಗಿದ್ದರೆ ತೇವ ಗೋಡೆಯದು. ಕೋಣೆಯ ಕಡೆಗಿದ್ದರೆ ಗಾಳಿ ಆಡುತ್ತಿಲ್ಲ ಎಂದರ್ಥ. ಅದಕ್ಕೆ ಕಿಟಕಿ, ಬೆಳಕಿಂಡಿ ತೆರೆಯಬೇಕು, ಬಣ್ಣ ಬದಲಿಸಿ ಫಲವಿಲ್ಲ.

ಆಮೇಲೆ ಎಮಲ್ಶನ್ನನ್ನೂ ಅದರಡಿಯ ಪುಟ್ಟಿಯನ್ನೂ ಪೂರ್ತಿ ಕೆರೆಯಿರಿ. ‘ಗಟ್ಟಿಯಾಗಿದ್ದ ಕಡೆ ಬಿಡೋಣ’ ಎಂದರೆ ಸುಣ್ಣ ಅಲ್ಲಿ ಹಿಡಿಯುವುದಿಲ್ಲ. ಉಪ್ಪು ತಿಂದು ಮೆದುವಾದ ಗಾರೆಯನ್ನು ತೇವದ ಗೆರೆಗಿಂತ ಒಂದಡಿ ಮೇಲಿನವರೆಗೆ ತೆಗೆದು, ಸುಣ್ಣ 1, ಮರಳು 3ರ ಗಾರೆ ಹಾಕಿಸಿ. ಬಿಳಿ ಪುಡಿ ಕಂಡರೆ ಒಣ ಬ್ರಶ್‌ನಲ್ಲಿ ಗುಡಿಸಿ ಮೊರದಲ್ಲಿ ಹಿಡಿಯಿರಿ. ನೀರಲ್ಲಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಕ್ಕೇ ಹೋಗುತ್ತದೆ.

ಬಣ್ಣಕ್ಕೆ ಸುಣ್ಣವೇ ಸರಿ. 1 ಕಿಲೋ ಸುಟ್ಟ ಸುಣ್ಣಕ್ಕೆ 5 ಲೀಟರ್ ನೀರು. ನೀರಿಗೆ ಸುಣ್ಣ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು. ಕೊತಕೊತ ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಕನ್ನಡಕ, ಕೈಗವಸು ಇಲ್ಲದೆ ಮುಟ್ಟಬೇಡಿ, ಮಕ್ಕಳನ್ನು ದೂರ ಇಡಿ. ಕನಿಷ್ಠ ಒಂದು ದಿನ ಅರಳಲು ಬಿಡಿ. ಎರಡು ವಾರ ನೆನೆದರೆ ಇನ್ನೂ ನುಣುಪು. ಬಟ್ಟೆಯಲ್ಲಿ ಸೋಸಿ, 10 ಲೀಟರ್ ಸುಣ್ಣದ ಹಾಲಿಗೆ 40 ಗ್ರಾಂ ಗೋಂದನ್ನು ಬಿಸಿನೀರಲ್ಲಿ ಕರಗಿಸಿ ಸೇರಿಸಿ. ಕೆಲವು ಕಡೆ ಅಡುಗೆ ಉಪ್ಪು ಹಾಕುವ ರೂಢಿ ಇದೆ. ನಿಮ್ಮ ಮಳೆಗೆ ಅದು ಬೇಡ, ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ.

ಬಣ್ಣದ ಪುಡಿ ಒಣ ಸುಣ್ಣದ ತೂಕದ ನೂರಕ್ಕೆ ಹತ್ತು ಮೀರಬಾರದು. 5 ಕಿಲೋ ಸುಣ್ಣಕ್ಕೆ 250 ಗ್ರಾಂನಿಂದ ಶುರುಮಾಡಿ, 500 ಗ್ರಾಂಗೆ ನಿಲ್ಲಿಸಿ. ಅದಕ್ಕಿಂತ ಹೆಚ್ಚಾದರೆ ಸುಣ್ಣಕ್ಕೆ ಹಿಡಿದುಕೊಳ್ಳುವ ಶಕ್ತಿ ಸಾಲದೆ, ಒರಗಿದವರ ಅಂಗಿಗೆಲ್ಲ ಬಣ್ಣ ಹತ್ತುತ್ತದೆ. ಪುಡಿಯನ್ನು ಹಿಂದಿನ ರಾತ್ರಿಯೇ ನೀರಲ್ಲಿ ನೆನೆಹಾಕಿ, ಸೋಸಿ, ಸುಣ್ಣಕ್ಕೆ ಸೇರಿಸಿ. ಒಂದು ಕೋಣೆಗೆ ಬೇಕಾದದ್ದನ್ನೆಲ್ಲ ಒಂದೇ ಡ್ರಮ್ಮಿನಲ್ಲಿ ಕಲಸಿ. ಎರಡನೇ ಸಲ ಕಲಸಿದ್ದು ಮೊದಲಿನದಕ್ಕೆ ಎಂದೂ ಹೊಂದುವುದಿಲ್ಲ. ಗೋಡೆಯನ್ನು ನೀರು ಚಿಮುಕಿಸಿ ನೆನೆಸಿ, ಹಾಲಿನಷ್ಟು ತೆಳ್ಳಗೆ 4–5 ಸಲ ಬಳಿಯಿರಿ. ಒಂದು ಸಲ ಅಡ್ಡ, ಮತ್ತೊಂದು ಸಲ ಉದ್ದ, ನಡುವೆ 24 ಗಂಟೆ. ಒದ್ದೆಯಿದ್ದಾಗ ಏನೂ ಕಾಣದು, ಬಳಿದದ್ದು ವ್ಯರ್ಥ ಎನಿಸುತ್ತದೆ; ಹೆದರಿ ದಪ್ಪ ಬಳಿದವರ ಗೋಡೆಯೇ ಬಿರಿಯುವುದು. ಬಿಸಿಲು ನೇರ ಬೀಳುವಾಗ ಬಳಿದರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗುವ ಮೊದಲೇ ಒಣಗಿ ಪುಡಿಯಾಗುತ್ತದೆ. ಇದಕ್ಕೆಲ್ಲ ಒಳ್ಳೆಯ ಕಾಲ ಸಂಕ್ರಾಂತಿ ಕಳೆದು, ಕಾಫಿ ಹೂ ಅರಳಿಸುವ ಹೂಮಳೆ ಬೀಳುವುದರೊಳಗೆ.

ಇನ್ನು ನಿಮ್ಮ ಮೂರು ಬಣ್ಣ. ಹಳದಿಗೆ ನಿಜವಾದ ಅರಿಶಿನ ಬೆರೆಸುವ ಯೋಚನೆ ಯಾರಿಗಾದರೂ ಇದ್ದರೆ ಬಿಡಿ. ಅರಿಶಿನಕ್ಕೆ ಸುಣ್ಣ ಬಿದ್ದರೆ ಏನಾಗುತ್ತದೆ ಎಂದು ಆರತಿ ನೀರು ಕದಡಿದ ಎಲ್ಲರಿಗೂ ಗೊತ್ತು. ಆ ಕೆಂಪೂ ಬೆಳಕಿಗೆ ಬೇಗ ಮಾಸುತ್ತದೆ. ಹಳದಿ ಐರನ್ ಆಕ್ಸೈಡ್ ಹಾಕಿ, ಹಣ್ಣಾದ ಮಾವಿನ ಸಿಪ್ಪೆಯ ಬಣ್ಣ ಬರುತ್ತದೆ. ಕ್ರೋಮ್ ಹಳದಿ ಬೇಡ, ಅದರಲ್ಲಿ ಸೀಸವಿದೆ, ಸುಣ್ಣದಲ್ಲಿ ಕಿತ್ತಳೆಗೂ ತಿರುಗುತ್ತದೆ. ಕುಂಕುಮದ ಕೆಂಪು ಸುಣ್ಣದಲ್ಲಿ ಬಾರದು. ರೆಡ್ ಆಕ್ಸೈಡ್ ಕೊಡುವುದು ಕೆಮ್ಮಣ್ಣಿನ, ಕಾವಿಯ ಕೆಂಪು, ಒಣಗಿದಾಗ ಇನ್ನೂ ತಿಳಿ. ಗಿಳಿಹಸಿರೂ ಬಾರದು, ಕ್ರೋಮಿಯಂ ಆಕ್ಸೈಡಿನದು ಬಲಿತ ಎಲೆಯ ಹಸಿರು. ಅಲ್ಟ್ರಾಮರೀನ್ ನೀಲಿ ಮಾತ್ರ ಸುಣ್ಣದಲ್ಲಿ ಚೆನ್ನಾಗಿ ನಿಲ್ಲುತ್ತದೆ, ಅದನ್ನು ನೀವು ಕೇಳಿಲ್ಲ.

ಆದ್ದರಿಂದ ಗೋಡೆಗೆ ಮಣ್ಣಿನ ಬಣ್ಣ ಕೊಡಿ, ಕಿರುಚುವ ಬಣ್ಣವನ್ನು ಮರಕ್ಕೂ ಬಟ್ಟೆಗೂ ಬಿಡಿ. ಮರ ನೆಲದ ನೀರು ಹೀರುವುದಿಲ್ಲ. ಗಿಳಿಹಸಿರು ಕಿಟಕಿ ಚೌಕಟ್ಟಿಗೆ, ಮುಚ್ಚಿಗೆಯ ತೊಲೆಗಳಿಗೆ ಹೋಗಲಿ. ಕುಂಕುಮದ ಕೆಂಪು ಬಾಗಿಲ ಒಳಮೈಗೆ, ಬೀರುವಿನ ಒಳಗೆ. ಯಕ್ಷಗಾನದ ವೇಷ ಅಷ್ಟು ಉರಿಯುವುದು ಹಿಂದಿನ ಪರದೆ ಸಾದಾ ಇರುವುದರಿಂದ ಎಂದು ಮಗನಿಗೆ ಬೇರೆ ಹೇಳಬೇಕಿಲ್ಲ. ಗೋಡೆಯ ಕೆಳಗಿನ ಮೂರಡಿಗೆ ಗಾಢ ಕಾವಿಯ ಪಟ್ಟಿ ಬಿಡಿ. ಮುಂದೆ ತೇವ ಎದ್ದರೂ ಅಷ್ಟಕ್ಕೇ ಮತ್ತೆ ಬಳಿದರಾಯಿತು.

ಪ್ರಶ್ನೆ: ಅಂಗಡಿಯ ಕಾರ್ಡಿನಲ್ಲಿ ಬೆಂಕಿಯಂತಿದ್ದ ಕೆಂಪು, ಬಾಳೆಹೊನ್ನೂರಿನ ನಮ್ಮ ತೋಟದ ಮನೆಯಲ್ಲಿ ಇದ್ದಿಲು ಬೆರೆಸಿದ ಹಾಗಿದೆ. ಪೇಂಟ್ ಮೋಸವೇ?

ಉತ್ತರ: ಅಲ್ಲ. ತಗ್ಗಿದ ಸೂರು, ಕಿಟಕಿಯಾಚೆ ಕಾಫಿ, ಅದರ ಮೇಲೆ ಸಿಲ್ವರ್ ಓಕ್: ನಿಮ್ಮ ಕೋಣೆಗೆ ಬರುವ ಬೆಳಕೇ ಅರ್ಧ ಹಸಿರು. ಹಸಿರು ಬೆಳಕಿನಲ್ಲಿ ಕೆಂಪು ಕಂದಾಗುತ್ತದೆ, ನೇರಳೆ ಸತ್ತೇ ಹೋಗುತ್ತದೆ. ಹಳದಿ, ಕಿತ್ತಳೆ ಕಡೆಗೆ ವಾಲುವ ಕೆಂಪು ಉಳಿಯುತ್ತದೆ. ಕೊಳ್ಳುವ ಮೊದಲು 2 ಅಡಿ ಚೌಕದ ರಟ್ಟಿಗೆ ಎರಡು ಕೋಟ್ ಬಳಿದು, ಕೋಣೆಯ ನಾಲ್ಕೂ ಗೋಡೆಗೆ ಒರಗಿಸಿ, ಬೆಳಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ನೋಡಿ. ಮೋಡ ಕವಿದ ದಿನವೂ ಒಮ್ಮೆ ನೋಡಿ, ನಿಮ್ಮಲ್ಲಿ ಅಂಥ ದಿನಗಳೇ ಹೆಚ್ಚು. ಈಗಿರುವ ಗೋಡೆಗೆ ಬಲ್ಬ್ ಬದಲಿಸಿ ನೋಡಬಹುದು: 2700ರಿಂದ 3000 ಕೆಲ್ವಿನ್ ಬೆಚ್ಚನೆಯ ಬೆಳಕು, ಪೆಟ್ಟಿಗೆಯ ಮೇಲೆ ಸಿಆರ್‌ಐ (ಬೆಳಕು ಬಣ್ಣಗಳನ್ನು ಇದ್ದಂತೆ ತೋರಿಸುವ ಅಳತೆ) 90 ಅಥವಾ ಹೆಚ್ಚು ಎಂದಿರಬೇಕು. ಬಿಳಿ ಟ್ಯೂಬ್‌ಲೈಟಿನ ಕೆಳಗೆ ಯಾವ ಕೆಂಪೂ ಉದ್ಧಾರವಾಗದು.

ಪ್ರಶ್ನೆ: ಕೊಪ್ಪದಲ್ಲಿ ಹೊಸ ಮನೆ, ಸಿಮೆಂಟ್ ಗೋಡೆ. 12 ಅಡಿ ಅಗಲ, 10 ಅಡಿ ಎತ್ತರದ ಒಂದೇ ಗೋಡೆಗೆ ಕೆಂಪು ಎಮಲ್ಶನ್ ಮೂರು ಕೋಟ್ ಆದರೂ ತೇಪೆ ತೇಪೆ ಕಾಣುತ್ತಿದೆ.

ಉತ್ತರ: ಗಾಢ ಕೆಂಪನ್ನು ಕಲಸುವ ಮೂಲ ಪೇಂಟಿನಲ್ಲಿ ಬಿಳಿಯ ಅಂಶ, ಅಂದರೆ ಟೈಟೇನಿಯಂ ಡೈಆಕ್ಸೈಡ್, ಇರುವುದಿಲ್ಲವೆಂದೇ ಹೇಳಬಹುದು. ಕೆಳಗಿನದನ್ನು ಮುಚ್ಚುವ ಶಕ್ತಿ ಬರುವುದು ಅದರಿಂದಲೇ. ಬಿಳಿ ಪ್ರೈಮರ್ ಮೇಲೆ ಕೆಂಪು ಹೊಡೆದರೆ ಐದು ಕೋಟಿಗೂ ಬಿಳಿ ಇಣುಕುತ್ತದೆ. ಕೆಂಪಿನಡಿಗೆ ನಡುಬೂದು ಪ್ರೈಮರ್ ಇರಬೇಕು, ಹಳದಿಯಡಿಗೆ ಬಿಳಿ. ಈಗ 120 ಸಂಖ್ಯೆಯ ಉಪ್ಪುಕಾಗದದಲ್ಲಿ ಹಗುರವಾಗಿ ಉಜ್ಜಿ, ಒಂದು ಲೀಟರ್ ಬೂದು ಪ್ರೈಮರ್, ಅದರ ಮೇಲೆ ಎರಡು ಕೋಟ್ ಕೆಂಪು. ಲೀಟರಿಗೆ ಒಂದು ಕೋಟಿನಲ್ಲಿ ಸುಮಾರು 120 ಚದರ ಅಡಿ ಎಂದು ಹಿಡಿದರೆ ಎರಡು ಲೀಟರ್ ಸಾಕು, ಪೇಂಟರ್ ನೀರು ಹೆಚ್ಚು ಸುರಿಯದಿದ್ದರೆ. ಗೋಡೆಯ ಒಂದು ತುದಿಯಿಂದ ಶುರುಮಾಡಿ ಅಂಚು ಒದ್ದೆಯಿರುವಾಗಲೇ ಮುಂದುವರಿಯಬೇಕು. ಊಟಕ್ಕೆ ಎದ್ದುಹೋದ ಜಾಗ ಗೆರೆಯಾಗಿ ಉಳಿಯುತ್ತದೆ. ಹೊಳಪಿಲ್ಲದ ಗಾಢ ಮ್ಯಾಟ್ ಪೇಂಟಿನ ಮೇಲೆ ಬೆರಳು ಉಜ್ಜಿದಲ್ಲೆಲ್ಲ ಹೊಳಪು ಬರುವುದರಿಂದ, ಓಡಾಡುವ ಜಾಗಕ್ಕೆ ತುಸು ಹೊಳಪಿನದೇ ಲೇಸು.

ಹೊಸ ಪ್ಲಾಸ್ಟರಿಗೆ 28 ದಿನ ತುಂಬುವ ಮೊದಲು ಪ್ರೈಮರನ್ನೂ ಮುಟ್ಟಿಸಬೇಡಿ. ಮಳೆಗಾಲದಲ್ಲಿ ಮಾಡಿದ ಪ್ಲಾಸ್ಟರಿಗೆ ಆ ಲೆಕ್ಕವೂ ಸಾಲದು.

ಪ್ರಶ್ನೆ: ಬೇಲೂರು ರಸ್ತೆಯಲ್ಲಿ ಮನೆ. ನೆಲಕ್ಕೆ ಚಿತ್ತಾರದ ಸಿಮೆಂಟ್ ಟೈಲ್ಸ್, ಸೊಸೆ ತಂದ ಗುಳೇದಗುಡ್ಡದ ಖಣ, ಅತ್ತೆಯವರ ಇಳಕಲ್ ಸೀರೆಗಳು, ಕೌದಿ, ಹೂವಿನ ಪರದೆ ಎಲ್ಲವನ್ನೂ ಒಂದೇ ಹಾಲ್‌ನಲ್ಲಿ ಬಳಸಬೇಕು. ಸಂತೆ ಆಗದಂತೆ ಹೇಗೆ?

ಉತ್ತರ: ಹಳೇಬೀಡಿಗೆ ಹೋಗಿ, ಹೊಯ್ಸಳೇಶ್ವರ ಗುಡಿಯ ಹೊರಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿ. ಆನೆ, ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಪುರಾಣದ ಕಥೆ, ಮಕರ, ಹಂಸ. ಒಂದು ಅಂಗುಲವೂ ಖಾಲಿ ಇಲ್ಲ, ಆದರೂ ಸಂತೆಯಲ್ಲ. ತೂಕದ್ದು ಕೆಳಗಿದೆ, ಪ್ರತಿ ಸಾಲಿನ ಚಿತ್ತಾರ ತನ್ನ ಸಾಲು ಬಿಟ್ಟು ಹೊರಬರುವುದಿಲ್ಲ, ಆಕೃತಿಗಳ ನಡುವೆ ಬಳ್ಳಿ ಬಂದು ಕಣ್ಣಿಗೆ ಉಸಿರು ಕೊಡುತ್ತದೆ, ಎಲ್ಲಕ್ಕೂ ಕಲ್ಲಿನ ಬಣ್ಣ ಒಂದೇ.

ನಿಮ್ಮ ಹಾಲ್‌ನಲ್ಲಿ ಆನೆಯ ಸಾಲು ಎಂದರೆ ನೆಲ. ಅದರ ಚಿತ್ತಾರವೇ ಎಲ್ಲಕ್ಕಿಂತ ದೊಡ್ಡದು, ಅದನ್ನು ಮೀರಿಸುವ ಆಕೃತಿ ಮೇಲೆಲ್ಲೂ ಬರಬಾರದು. 8 ಅಂಗುಲದ ಟೈಲ್ಸ್ ನಾಲ್ಕು ಕೂಡಿ 16 ಅಂಗುಲದ ಹೂವಾಗುತ್ತಿದ್ದರೆ, ಪರದೆಯ ಹೂ 5–6 ಅಂಗುಲದೊಳಗೆ, ದಿಂಬಿನದು ಒಂದು ಅಂಗುಲದೊಳಗೆ ಇರಲಿ. ಒಂದೇ ಅಳತೆಯ ಎರಡು ಚಿತ್ತಾರ ಎದುರುಬದುರಾದರೆ ಜಗಳ ಶುರು. ನಡುವಿನ ಬಳ್ಳಿಯ ಕೆಲಸಕ್ಕೆ ಇಳಕಲ್ ಸೀರೆಯ ಅಂಚನ್ನು ಕತ್ತರಿಸದೆ ಮಡಚಿ ಪರದೆಯ ಬುಡಕ್ಕೋ ದಿವಾನದ ಹಾಸಿಗೋ ಪಟ್ಟಿಯಾಗಿ ಹೊಲಿಯಬಹುದು. ಎಲ್ಲದರಲ್ಲೂ ಒಂದು ಬಣ್ಣ ಮರಳಿ ಬರಲಿ. ಇಳಕಲ್ಲಿನ ದಾಳಿಂಬೆ ಕೆಂಪಿದ್ದರೆ ಬೇರೆ ಹುಡುಕಬೇಕಿಲ್ಲ. ಕೌದಿ ಸ್ವತಃ ಒಂದು ಊರು. ಅದನ್ನು ಸಾದಾ ಗೋಡೆಗೆ ತೂಗುಹಾಕಿ, ಸುತ್ತ ಎರಡಡಿ ಏನೂ ಇಡಬೇಡಿ. ಮನೆಗೆ ಜಗಲಿ ಬೇಕಿರುವ ಹಾಗೆ ಕಣ್ಣಿಗೂ ಕುಳಿತುಕೊಳ್ಳಲು ಜಾಗ ಬೇಕು.

ಖಣ ಕೊಳ್ಳುವಾಗ ಅಗಲ ಅಳೆಯಿರಿ. ಅಗಲ 31 ಅಂಗುಲವಿದ್ದರೆ 16 ಅಂಗುಲದ ದಿಂಬಿಗೆ ಒಂದು ಮೀಟರಿನಲ್ಲಿ ಎರಡೇ ಮುಖ ಬರುತ್ತವೆ, ಉಳಿದದ್ದು ಚಿಂದಿ. 14 ಅಂಗುಲದ ದಿಂಬು ಮಾಡಿದರೆ ಹೊಲಿಗೆಗೆ ಬಿಟ್ಟೂ ನಾಲ್ಕು ಮುಖ ಬರುತ್ತವೆ. ಹಿಂಬದಿಗೆ ಸಾದಾ ಹತ್ತಿ ಸಾಕು. ಹೊಲಿಯುವ ಮೊದಲು ಒದ್ದೆ ಬಿಳಿ ಬಟ್ಟೆಯಿಂದ ಮೂಲೆಯೊಂದನ್ನು ಉಜ್ಜಿ ನೋಡಿ. ಬಣ್ಣ ಬಿಟ್ಟರೆ ಬಿಳಿಯ ಪಕ್ಕ ಅದನ್ನು ಹೊಲಿಯಬೇಡಿ. ಟೈಲ್ಸ್ ಬಗ್ಗೆ ಒಂದೇ ಎಚ್ಚರ: ಆಸಿಡ್ ಇರುವ ಕ್ಲೀನರ್ ಒಮ್ಮೆ ಬಿದ್ದರೂ ಸಿಮೆಂಟಿನ ಮೇಲ್ಮೈ ತಿಂದು ಬಣ್ಣ ಮಂಕಾಗುತ್ತದೆ, ಮತ್ತೆ ಬಾರದು. ನಿಂಬೆರಸ, ಹುಣಸೆ ಚೆಲ್ಲಿದರೂ ಕೂಡಲೇ ಒರೆಸಬೇಕು.

ಪ್ರಶ್ನೆ: ಸಕಲೇಶಪುರ. ಪಶ್ಚಿಮದ ಗೋಡೆಗೆ, 12 ಅಡಿ ಅಗಲ, ಒಂಬತ್ತೂವರೆ ಅಡಿ ಎತ್ತರ, ದೊಡ್ಡ ಎಲೆಗಳ ವಾಲ್‌ಪೇಪರ್ ಹಾಕಬೇಕು. ಅಂಗಡಿಯವರು ಎರಡು ರೋಲ್ ಸಾಕು ಎನ್ನುತ್ತಾರೆ.

ಉತ್ತರ: ಸಾಲದು, ಆ ಗೋಡೆಗೆ ಹಾಕಲೂಬಾರದು. ಒಂದು ರೋಲ್ ಸಾಮಾನ್ಯವಾಗಿ 53 ಸೆಂಟಿಮೀಟರ್ ಅಗಲ, 10 ಮೀಟರ್ ಉದ್ದ, ಅಂದರೆ 57 ಚದರ ಅಡಿ. ನಿಮ್ಮ ಗೋಡೆ 114 ಚದರ ಅಡಿ, ಭಾಗಿಸಿದರೆ ಸರಿಯಾಗಿ ಎರಡು. ಆದರೆ ಎಲೆಯ ಚಿತ್ತಾರ 64 ಸೆಂಟಿಮೀಟರಿಗೊಮ್ಮೆ ಮರುಕಳಿಸುವುದಾದರೆ, 290 ಸೆಂಟಿಮೀಟರ್ ಎತ್ತರಕ್ಕೆ ಐದು ಸುತ್ತು, ಅಂದರೆ 320 ಸೆಂಟಿಮೀಟರಿನ ಪಟ್ಟಿ ಕತ್ತರಿಸಬೇಕು. ರೋಲಿಗೆ ಮೂರೇ ಪಟ್ಟಿ. ಅಗಲಕ್ಕೆ ಏಳು ಪಟ್ಟಿ ಬೇಕು, ಹಾಗಾಗಿ ಮೂರು ರೋಲ್. ಮೂರಕ್ಕೂ ಬ್ಯಾಚ್ ಸಂಖ್ಯೆ ಒಂದೇ ಇರಲಿ.

ಪಶ್ಚಿಮದ ಗೋಡೆಗೆ ಬೇಡ ಎಂದದ್ದು ಮಳೆ ಹೊಡೆಯುವುದು ಆ ಕಡೆಯಿಂದ ಎಂಬುದಕ್ಕೆ. ವಿನೈಲ್ ವಾಲ್‌ಪೇಪರಿನ ಹಿಂದೆ ಗೋಂದು, ತೇವ, ಕತ್ತಲೆ ಮೂರೂ ಸೇರಿದರೆ ಬೂಸ್ಟಿಗೆ ಹಬ್ಬ. ಮೇಲೆ ಕಾಣುವ ಹೊತ್ತಿಗೆ ಒಳಗೆಲ್ಲ ಕಪ್ಪಾಗಿರುತ್ತದೆ. ಕೋಣೆ ಕೋಣೆಗಳ ನಡುವಿನ ಗೋಡೆಗೆ ಹಾಕಿ, ಅದೂ ನೇಯದ ನಾರಿನ ನಾನ್‌ವೋವನ್ ಜಾತಿಯದು. ಬೂಸ್ಟು ಈಗಾಗಲೇ ಇದ್ದರೆ ಬ್ಲೀಚ್ ದ್ರಾವಣ 1 ಪಾಲು, ನೀರು 3 ಪಾಲು ಬೆರೆಸಿ ಹಚ್ಚಿ, 15 ನಿಮಿಷ ಬಿಟ್ಟು ತೊಳೆದು, ಪೂರ್ತಿ ಒಣಗಿಸಿ. ಬ್ಲೀಚ್ ಜೊತೆ ಆಸಿಡ್ ಬೆರೆಸಿದರೆ ವಿಷಗಾಳಿ ಏಳುತ್ತದೆ. ಕಿಟಕಿ ತೆರೆದೇ ಕೆಲಸ ಮಾಡಿ.

ಪ್ರಶ್ನೆ: ಮಕ್ಕಳು ಹಸೆ ಚಿತ್ತಾರದಂಥ ಅಂಚನ್ನು ಪಡಸಾಲೆಯ ಸುತ್ತ ಕೊರೆದ ಹಾಳೆಯಿಂದ (ಸ್ಟೆನ್ಸಿಲ್) ಹಾಕಬೇಕೆನ್ನುತ್ತಾರೆ. ಮೂಲೆಗೆ ಬಂದಾಗ ಚಿತ್ರ ಅರ್ಧಕ್ಕೆ ನಿಲ್ಲುತ್ತದೆ, ಬಣ್ಣ ಸೋರುತ್ತದೆ.

ಉತ್ತರ: ಸಾಗರ, ಸಿರ್ಸಿ ಸೀಮೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಗೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಲ್ಲಿ ಕೈಯಿಂದಲೇ ಗೆರೆ ಎಳೆಯುತ್ತಾರೆ. ಕೊರೆದ ಹಾಳೆಯಲ್ಲಿ ಆ ಜೀವ ಬರದು. ನೇರಗೆರೆಯ ಸರಳ ಅಂಚು ಬರುತ್ತದೆ, ಅಷ್ಟನ್ನು ಬಯಸಿ. ಅಕ್ಕಿಹಿಟ್ಟು ಮದುವೆ, ಭೂಮಿ ಹುಣ್ಣಿಮೆಗೆ ಮತ್ತೆ ಮತ್ತೆ ಬರೆಯುವವರಿಗೆ ಸರಿ. ವರ್ಷಗಟ್ಟಲೆ ಉಳಿಯಬೇಕಾದರೆ ಹುಳುವೂ ಬೂಸ್ಟೂ ತಿನ್ನುತ್ತವೆ. ಬಿಳಿ ಅಕ್ರಿಲಿಕ್ ಬಳಸಿ. ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದರೆ ಒಂದು ತಿಂಗಳು ಕಾಯಿರಿ.

ಹಾಳೆಗೆ ಹಳೆಯ ಎಕ್ಸ್‌ರೇ ಫಿಲ್ಮ್ ಚೆನ್ನ. ಕೊರೆಯುವ ಮೊದಲು ಗೋಡೆ ಅಳೆಯಿರಿ. 12 ಅಡಿ 10 ಅಂಗುಲ ಎಂದರೆ 154 ಅಂಗುಲ. 8 ಅಂಗುಲದ ಚಿತ್ರ 19 ಸಲ ಬಂದು 2 ಅಂಗುಲ ಉಳಿಯುತ್ತದೆ. ಆ ಎರಡು ಅಂಗುಲವನ್ನು 19ಕ್ಕೆ ಹಂಚಿದರೆ ಒಂದೊಂದರ ಮಧ್ಯೆ ಎರಡೂವರೆಯಿಂದ ಮೂರು ಮಿಲಿಮೀಟರ್. ಯಾರ ಕಣ್ಣಿಗೂ ಬೀಳದು. ಸೀಮೆಸುಣ್ಣದ ದಾರ ಹೊಡೆದು ಮಟ್ಟದ ಗೆರೆ ಹಾಕಿ. ಹಳೆಯ ಮನೆಯ ಸೂರನ್ನು ನಂಬಿದರೆ ಅಂಚು ಸೊಟ್ಟಗಾಗುತ್ತದೆ. ಬಾಗಿಲಿಂದ ಮೊದಲು ಕಾಣುವ ಗೋಡೆಯ ನಡುವಿನಿಂದ ಶುರುಮಾಡಿ. ಹೊಂದದ ಕೊನೆಯ ತುಂಡು ಬೀಳಲೇಬೇಕಾದರೆ ಬಾಗಿಲ ಹಿಂದೆ ಬೀಳಲಿ.

ಬಣ್ಣ ಸೋರುವುದು ಬ್ರಶ್‌ನಲ್ಲಿ ಬಣ್ಣ ಹೆಚ್ಚಾದಾಗ. ನೀರು ಬೆರೆಸಬೇಡಿ. ಮೊಂಡು ಬ್ರಶ್ ಅದ್ದಿ, ಹಳೆ ಪೇಪರಿನ ಮೇಲೆ ಒರೆಸಿ ಒರೆಸಿ, ಇನ್ನೇನು ಒಣಗಿತು ಎನ್ನುವಾಗ ಗೋಡೆಗೆ ಕುಟ್ಟಿ, ಎಳೆಯಬೇಡಿ. ತೆಳ್ಳಗೆ ಎರಡು ಸಲ. ಐದಾರು ಚಿತ್ರಕ್ಕೊಮ್ಮೆ ಹಾಳೆಯ ಹಿಂಬದಿ ಒರೆಸಿ. ಇಡೀ ಪಡಸಾಲೆಗೆ 200 ಮಿಲಿಲೀಟರ್ ಬಣ್ಣ ಮುಗಿಯುವುದಿಲ್ಲ.

ಪ್ರಶ್ನೆ: ಹಳೇ ಬಾಗಿಲುಗಳ ನೀಲಿ ಆಯಿಲ್ ಪೇಂಟ್ ಉಜ್ಜಿ ತೆಗೆದು ಹೊಸ ಬಣ್ಣ ಹಾಕಬೇಕು. ಯಂತ್ರದಲ್ಲಿ ಉಜ್ಜಬಹುದೇ?

ಉತ್ತರ: ಬೇಡ. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಅದಕ್ಕೆ ಹಿಂದಿನ ಆಯಿಲ್ ಪೇಂಟಿನಲ್ಲಿ ಸೀಸ ಇದೆ ಎಂದೇ ತಿಳಿದು ನಡೆಯಿರಿ. ನೀರು ಹಾಕದೆ ಒಣದಾಗಿ ಉಜ್ಜಿದರೆ ಆ ಧೂಳು ಮಕ್ಕಳ ಹೊಟ್ಟೆಗೆ ಹೋಗುತ್ತದೆ. ಬಣ್ಣ ಗಟ್ಟಿಯಾಗಿ ಕೂತಿದ್ದರೆ ತೆಗೆಯಲೇಬೇಡಿ. ನೀರುಕಾಗದದಲ್ಲಿ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಒದ್ದೆಯಾಗಿಯೇ ತುಸು ಉಜ್ಜಿ ಹೊಳಪು ಕಳೆದು, ಮೇಲೆ ಹೊಸದನ್ನು ಹೊಡೆಯಿರಿ. ಬಾಗಿಲನ್ನು ಅಂಗಳಕ್ಕೆ ಒಯ್ದು, ಕೆಳಗೆ ಟಾರ್ಪಾಲ್ ಹಾಸಿ, ಮುಖಕ್ಕೆ ಒಳ್ಳೆಯ ಮಾಸ್ಕ್ ಕಟ್ಟಿ ಮಾಡಿ. ಉದುರಿದ್ದನ್ನು ಬಚ್ಚಲೊಲೆಗೆ ಹಾಕಬೇಡಿ.

ಪ್ರಶ್ನೆ: ನಮ್ಮದು ಅರಸೀಕೆರೆ. ಮಳೆಯ ಗೋಳಿಲ್ಲ. ಆದರೆ ಕೈಮಗ್ಗದ ಕೆಂಪು ಪರದೆ ಒಂದೇ ವರ್ಷಕ್ಕೆ ಸೀಬೆಹಣ್ಣಿನ ತಿರುಳಿನ ಬಣ್ಣವಾಯಿತು.

ಉತ್ತರ: ನಿಮ್ಮ ವೈರಿ ಬಿಸಿಲು. ದಕ್ಷಿಣ, ಪಶ್ಚಿಮದ ಕಿಟಕಿಗೆ ಕೆಂಪು, ನೇರಳೆ ತೂಗಿದರೆ ಹೀಗೇ. ಅಲ್ಲಿ ಹಳದಿ ಮಣ್ಣಿನ ಬಣ್ಣ ಇಲ್ಲವೇ ಬಿಳಿಯ ಮೇಲೆ ಚಿತ್ತಾರದ್ದು ಹಾಕಿ, ಕೆಂಪನ್ನು ಉತ್ತರದ ಕಿಟಕಿಗೆ ಕೊಡಿ. ಕಿಟಕಿಯ ಕಡೆಗೆ ತಿಳಿ ಬಣ್ಣದ ಹತ್ತಿಯ ಒಳಪದರ ಕಡ್ಡಾಯ, ಅದನ್ನು ಬುಡದಲ್ಲಿ ಪರದೆಗೆ ಸೇರಿಸಿ ಹೊಲಿಯದೆ ಸಡಿಲ ಬಿಡಿ. ಎರಡು ಬಟ್ಟೆ ಕುಗ್ಗುವ ಪ್ರಮಾಣ ಬೇರೆ.

ಮುಂದಿನ ಸಲ ಕೊಳ್ಳುವಾಗ ಲೆಕ್ಕ ಹೀಗೆ: ಕಿಟಕಿ 4 ಅಡಿ, ರಾಡ್ 5 ಅಡಿ, ನೆರಿಗೆಗೆ ಎರಡರಷ್ಟು ಎಂದರೆ 120 ಅಂಗುಲ ಅಗಲ. 44 ಅಂಗುಲದ ಬಟ್ಟೆಯಾದರೆ ಮೂರು ಪಟ್ಟಿ. ಉದ್ದ 7 ಅಡಿ, ಮಡಿಕೆಗೆ 10 ಅಂಗುಲ, ಕುಗ್ಗುವುದಕ್ಕೆ ನೂರಕ್ಕೆ ಐದು ಸೇರಿಸಿ ಸುಮಾರು 99 ಅಂಗುಲ. ಸಾದಾ ಬಟ್ಟೆಗೆ ಏಳೂವರೆ ಮೀಟರಿಗಿಂತ ತುಸು ಹೆಚ್ಚು ಬೇಕು. ಚಿತ್ತಾರ 12 ಅಂಗುಲಕ್ಕೊಮ್ಮೆ ಬರುವುದಾದರೆ ಪ್ರತಿ ಪಟ್ಟಿಯನ್ನು 108 ಅಂಗುಲಕ್ಕೆ ಕತ್ತರಿಸಬೇಕು, ಎಂಟೂಕಾಲು ಮೀಟರ್ ಬೇಕು. ತಂದ ದಿನವೇ ತಣ್ಣೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಆಮೇಲೆ ದರ್ಜಿಗೆ ಕೊಡಿ.